ಸಾಲಿಗ್ರಾಮದ ಕಾಂಡ್ಲಾವನವೋ, ಮೂಲ್ಕಿಯ ಅಳಿವೆಯೋ?

ಕಾಂಡ್ಲಾವನದ, ಅಂದರೆ ಮ್ಯಾಂಗ್ರೋವ್ ಕಾಡಿನ, ನಡುವೆ ಕಯಾಕ್ ಎಂಬ ಕಿರುದೋಣಿ ನಡೆಸಬೇಕೆಂದು ಉಡುಪಿ, ಮಂಗಳೂರು ಕಡೆ ಬರುವವರು ಕೊನೆಗೆ ಎರಡು ಹೆಸರುಗಳ ನಡುವೆ ಹೊಯ್ದಾಡುತ್ತಾರೆ. ಒಂದು, ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಸಾಲಿಗ್ರಾಮ. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಪಾರಂಪಳ್ಳಿ, ಸೀತಾನದಿಯ ಹಿನ್ನೀರು. ಇನ್ನೊಂದು, ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಬಂದರೆ ಸಿಗುವ ಮೂಲ್ಕಿ. ಶಾಂಭವಿ, ನಂದಿನಿ ಎರಡೂ ಕೂಡಿ ಸಮುದ್ರ ಸೇರುವ ಜಾಗ. ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ: ಹಸಿರು, ನೀರು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಕೈಯಲ್ಲಿ ಹುಟ್ಟು ಹಿಡಿದು ಕೂತರೆ ಮಾತ್ರ ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡೂ ಕಡೆ ಉಬ್ಬರದಲ್ಲೂ ಇಳಿತದಲ್ಲೂ ಹೋಗಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಸಾಲಿಗ್ರಾಮದಿಂದ ಶುರು ಮಾಡುತ್ತೇನೆ, ಯಾಕೆಂದರೆ ಹೇಳುವುದು ಹೆಚ್ಚು ಇರುವುದು ಅಲ್ಲಿಯದೇ. ಆಗುಂಬೆ ಕಡೆಯ ಘಟ್ಟದಿಂದ ಇಳಿದು ಬರುವ ಸೀತೆ ಇಲ್ಲಿಗೆ ತಲುಪುವ ಹೊತ್ತಿಗೆ ಅವಸರ ಬಿಟ್ಟಿರುತ್ತಾಳೆ. ನದಿ ಅಗಲವಾಗಿ ಹರಡಿ, ಕುದ್ರುಗಳನ್ನು (ನದಿಯ ನಡುವಿನ ದ್ವೀಪಗಳನ್ನು) ಬಳಸಿ, ಕಾಂಡ್ಲಾ ಗಿಡಗಳ ನಡುವೆ ಸಣ್ಣ ಸಣ್ಣ ತೋಡುಗಳಾಗಿ, ಅಂದರೆ ಕಿರುಗಾಲುವೆಗಳಾಗಿ, ಒಡೆಯುತ್ತದೆ. ಕಯಾಕ್ ನಡೆಸುವವರಿಗೆ ಬೇಕಾದ್ದು ಈ ತೋಡುಗಳೇ. ಮೊದಲು ಹೊಳೆಯ ಅಗಲದಲ್ಲಿ ಹತ್ತಿಪ್ಪತ್ತು ನಿಮಿಷ ಕೈ ಸರಿಮಾಡಿಕೊಂಡು, ಆಮೇಲೆ ಬದಿಯ ಸಂದಿಗೆ ನುಗ್ಗುತ್ತೀರಿ. ಒಳಗೆ ಹೋದ ಕೂಡಲೇ ಗಾಳಿ ನಿಲ್ಲುತ್ತದೆ, ಎರಡೂ ಕಡೆಯ ಕೊಂಬೆಗಳು ಮೇಲೆ ಕೂಡಿಕೊಳ್ಳುತ್ತವೆ, ಬೆಳಕು ಹಸಿರಾಗುತ್ತದೆ. ಕೆಲವು ಕಡೆ ತೋಡಿನ ಅಗಲಕ್ಕಿಂತ ನಿಮ್ಮ ಹುಟ್ಟೇ ಉದ್ದ. ಹುಟ್ಟನ್ನು ಅಡ್ಡ ಹಿಡಿಯುವ ಹಾಗಿಲ್ಲ, ನೆಟ್ಟಗೆ ನಿಲ್ಲಿಸಿ ಕೆಸರಿಗೆ ಊರಿ ತಳ್ಳಬೇಕು. ತಿರುವಿನಲ್ಲಿ ಹಿಮ್ಮುಖವಾಗಿ ಒಂದು ಸಲ ಹಾಕಿದರೆ ಮೂತಿ ತಿರುಗುತ್ತದೆ. ಬಲ ಹಾಕಿದಷ್ಟೂ ಬೇರಿಗೆ ಹೋಗಿ ಬಡಿಯುತ್ತದೆ.

ನಮ್ಮ ಜೊತೆ ಬಂದಿದ್ದ ಅಲ್ಲಿಯ ಹುಡುಗ ಹಿಂದಿನಿಂದ ಕೂಗಿ ಹೇಳಿದ್ದು ಇಷ್ಟೇ: "ಹ್ವಾಯ್, ಗಡಿಬಿಡಿ ಮಾಡ್ಬೇಡಿ, ನೀರೇ ಕರ್ಕಂಡ್ ಹೋತ್ತ್." ಉಬ್ಬರದ ನೀರು ಒಳಮುಖವಾಗಿ ತುಂಬುತ್ತಿತ್ತು. ಹುಟ್ಟು ತೊಡೆಯ ಮೇಲೆ ಇಟ್ಟು ಕೂತರೆ ಕಯಾಕ್ ತಾನಾಗಿ ಮುಂದೆ ಸರಿಯುತ್ತಿತ್ತು. ಅಂಥ ಹೊತ್ತಿನಲ್ಲೇ ಕಾಂಡ್ಲಾವನ ಸರಿಯಾಗಿ ಕಾಣುವುದು. ಕಾಂಡ್ಲಾದ ಬೇರು ಕಾಂಡದಿಂದ ಹೊರಟು ಕಮಾನಿನಂತೆ ಬಾಗಿ ಕೆಸರಿಗೆ ಇಳಿದಿರುತ್ತದೆ. ಇಲ್ಲಿಯದೇ ಇನ್ನೊಂದು ಗಿಡ ಉಪ್ಪಟ್ಟಿಯದ್ದು ಹಾಗಲ್ಲ, ಅದರ ಉಸಿರುಬೇರುಗಳು ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ಎದ್ದಿರುತ್ತವೆ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಬದುಕಲು ಎರಡು ಗಿಡಗಳು ಕಂಡುಕೊಂಡ ಎರಡು ದಾರಿ ಅದು. ಇನ್ನೂ ಹತ್ತಿರ ಹೋದರೆ ಕಾಂಡ್ಲಾದ ಕೊಂಬೆಯಲ್ಲಿ ನುಗ್ಗೆಕಾಯಿಯಂಥ ಉದ್ದನೆಯ ಹಸಿರು ಕೋಲುಗಳು ನೇತಾಡುತ್ತಿರುತ್ತವೆ. ಕಾಯಿ ಎಂದು ತಿಳಿಯಬೇಡಿ, ಅದು ತಾಯಿಮರದಲ್ಲೇ ಮೊಳೆತ ಸಸಿ. ಕೆಳಗೆ ಕೆಸರಿದ್ದಾಗ ಬಿದ್ದರೆ ಚೂಪು ತುದಿಯಿಂದ ನೇರ ನೆಟ್ಟುಕೊಳ್ಳುತ್ತದೆ, ನೀರಿದ್ದಾಗ ಬಿದ್ದರೆ ತೇಲಿ ಇನ್ನೊಂದು ದಡ ಹುಡುಕುತ್ತದೆ. ಅಂಥದ್ದೊಂದು ನನ್ನ ಕಯಾಕಿನ ಬದಿಗೇ ತೇಲಿ ಬಂತು: ಒಂದು ತುದಿಯಲ್ಲಿ ಕಂದು ಬಣ್ಣ, ಇನ್ನೊಂದು ತುದಿಯಲ್ಲಿ ಎರಡೇ ಎರಡು ಎಲೆಯ ಮೊಗ್ಗು. ಮೋಟಾರ್ ದೋಣಿಯಲ್ಲಿ ಹೋದರೆ ಇದು ಕಾಣುವುದಿಲ್ಲ, ಸೇತುವೆಯ ಮೇಲೆ ನಿಂತರೂ ಕಾಣುವುದಿಲ್ಲ.

ಆದರೆ ಸಾಲಿಗ್ರಾಮದ ಈ ಸುಖವೆಲ್ಲ ನೀರು ತುಂಬಿದಾಗ ಮಾತ್ರ. ಇಳಿತದಲ್ಲಿ ಹೋದರೆ ಅದೇ ತೋಡು ಕೆಸರುಗುಂಡಿ. ಕಯಾಕಿನ ತಳ ಕಚ್ಚಿಕೊಳ್ಳುತ್ತದೆ, ಇಳಿದು ತಳ್ಳೋಣ ಎಂದರೆ ಮೊಣಕಾಲಿನ ತನಕ ಹೂಳು, ಬೇರಿಗೆ ಅಂಟಿದ ಸಿಂಪಿಯ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಇಳಿತದ ಹೊತ್ತಿಗೂ ಅದರದೇ ನೋಟವಿದೆ ಎನ್ನಿ. ಕೆಸರಿನ ಮೇಲೆ ಏಡಿಗಳು ಓಡಾಡುತ್ತವೆ, ಬೆಳ್ಳಕ್ಕಿಗಳು ಇಳಿಯುತ್ತವೆ, ಊರಿನವರು ಸೊಂಟದುದ್ದ ನೀರಿನಲ್ಲಿ ನಿಂತು ಮರುವಾಯಿ ಎಂಬ ಚಿಪ್ಪುಜೀವಿ ಹೆಕ್ಕುತ್ತಾರೆ. ಅದನ್ನು ಹೊಳೆಯ ನಡುವಿನಿಂದ ನೋಡಬಹುದು, ಒಳಗೆ ಹೋಗಲು ಮಾತ್ರ ಆಗುವುದಿಲ್ಲ. ಹಾಗಾಗಿ "ಬೆಳಿಗ್ಗೆ ಎಷ್ಟು ಗಂಟೆಗೆ ಸ್ಲಾಟ್ ಇದೆ" ಎಂದು ಫೋನಿನಲ್ಲಿ ಕೇಳಬೇಡಿ. "ಆ ದಿನ ನೀರು ತುಂಬುವುದು ಎಷ್ಟು ಗಂಟೆಗೆ" ಎಂದು ಕೇಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ಶನಿವಾರ ಗೆಳೆಯರಿಗೆ ಚೆನ್ನಾಗಿ ಸಿಕ್ಕ ಸಮಯ ಮುಂದಿನ ಶನಿವಾರ ನಿಮಗೆ ಬರೀ ಕೆಸರು ತೋರಿಸಬಹುದು. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ತುಂಬುವುದು ಮಧ್ಯಾಹ್ನದ ಹತ್ತಿರ. ಆ ದಿನಗಳಲ್ಲಿ ಬೆಳಗ್ಗೆ ಎಂಟರ ನಂತರ ಇಳಿದರೆ ಏರುವ ನೀರೇ ನಿಮ್ಮ ಜೊತೆಗಿರುತ್ತದೆ. ಅಷ್ಟಮಿ, ನವಮಿಯ ದಿನಗಳಲ್ಲಿ ಉಬ್ಬರ ಅಷ್ಟು ಎತ್ತರ ಬರುವುದಿಲ್ಲ, ತೀರಾ ಕಿರಿದಾದ ತೋಡುಗಳನ್ನು ಆಗ ಬಿಡಬೇಕಾಗುತ್ತದೆ.

ಮೂಲ್ಕಿಯ ಕಥೆ ಬೇರೆ. ಕಟೀಲಿನ ದೇವಸ್ಥಾನವನ್ನು ಬಳಸಿ ಬರುವ ನಂದಿನಿ ಒಂದು ಕಡೆಯಿಂದ, ಶಾಂಭವಿ ಇನ್ನೊಂದು ಕಡೆಯಿಂದ ಬಂದು ಸಸಿಹಿತ್ಲುವಿನ ಹತ್ತಿರ ಒಂದೇ ಅಳಿವೆ ಬಾಗಿಲಿನಿಂದ ಕಡಲಿಗೆ ಹೋಗುತ್ತವೆ. ನದಿಗೂ ಕಡಲಿಗೂ ನಡುವೆ ಇರುವುದು ತೆಳ್ಳನೆಯ ಮರಳ ದಂಡೆ. ಕಯಾಕಿನಲ್ಲಿ ಕೂತಿದ್ದಾಗ ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ದಂಡೆಯ ಆಚೆ ತೆರೆ ಒಡೆಯುವ ಸದ್ದು. ಇಲ್ಲಿಯೂ ಕಾಂಡ್ಲಾ ಇದೆ, ಆದರೆ ಅಂಚಿನಲ್ಲಿ, ತುಂಡು ತುಂಡಾಗಿ. ಒಳಗೆ ಹೊಕ್ಕು ಕಳೆದುಹೋಗುವ ಸುಖ ಇಲ್ಲಿಲ್ಲ. ಇಲ್ಲಿರುವುದು ತೆರೆದ ನೀರು, ಸೆಳೆತ, ಗಾಳಿ. ದೇಶದ ಸರ್ಫಿಂಗಿಗೆ ಮೂಲ್ಕಿ ತವರಾದದ್ದೂ ಇದೇ ಅಳಿವೆಯ ದೆಸೆಯಿಂದ. 2004ರಲ್ಲಿ ಇಲ್ಲಿ ಸರ್ಫಿಂಗ್ ಶುರುವಾಯಿತು, ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳು ನಡೆದಿವೆ. ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಪ್ಯಾಡ್ಲಿಂಗ್ ಕಲಿಯಬೇಕೆಂದರೂ ನನ್ನ ಮತ ಮೂಲ್ಕಿಗೇ. ನಿಂತವನಿಗೆ ತಲೆಯ ಮೇಲೆ ಕೊಂಬೆ ಇರಬಾರದು, ಬಿದ್ದವನಿಗೆ ಕೆಳಗೆ ಬೇರು ಇರಬಾರದು.

ಮೈಗೆ ಕೆಲಸ ಬೇಕೆನ್ನುವವರಿಗೆ ಮೂಲ್ಕಿಯೇ ಸರಿ. ಬೆಳಗಿನ ಹೊತ್ತು ನೀರು ಕದಲುವುದೇ ಇಲ್ಲ, ಹುಟ್ಟಿನ ಪ್ರತಿ ಎಳೆತಕ್ಕೂ ಕಯಾಕ್ ಜಾರಿ ಹೋಗುತ್ತದೆ. ಬಿಸಿಲೇರಿ ಕಡಲ ಗಾಳಿ ಎದ್ದರೆ ಅದೇ ದೂರಕ್ಕೆ ಎರಡರಷ್ಟು ತೋಳು ಬೇಕು. ಸೊಂಟದಿಂದ ತಿರುಗಿ ಎಳೆಯುವುದನ್ನು ನಾನು ಕಲಿತದ್ದು ಇಲ್ಲೇ. ಬರೀ ಕೈಯಿಂದ ಎಳೆದರೆ ಎದುರುಗಾಳಿ ಅರ್ಧ ಗಂಟೆಯಲ್ಲಿ ಭುಜ ಹಿಡಿಸಿಬಿಡುತ್ತದೆ. ಸಾಲಿಗ್ರಾಮದ ತೋಡಿನಲ್ಲಿ ಎಷ್ಟು ಕಾಲ ಸುತ್ತಿದರೂ ಈ ಪಾಠ ಸಿಗುವುದಿಲ್ಲ.

ಹಾಗೆಯೇ, ಸಾಲಿಗ್ರಾಮದಲ್ಲಿ ಇಲ್ಲದ ಅಪಾಯವೂ ಇಲ್ಲಿದೆ. ಇಳಿತದ ಹೊತ್ತಿನಲ್ಲಿ ಎರಡು ನದಿಗಳ ನೀರು ಒಂದೇ ಕಿರಿದಾದ ಬಾಗಿಲಿನಿಂದ ಹೊರಗೆ ಧಾವಿಸುತ್ತದೆ, ಎದುರಿನಿಂದ ತೆರೆ ಬರುತ್ತದೆ. ಅವೆರಡು ಸೇರುವಲ್ಲಿ ನೀರು ಗೋಡೆಯ ಹಾಗೆ ಏಳುತ್ತದೆ. ಸಾಲದ್ದಕ್ಕೆ ಮರಳ ದಂಡೆ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುತ್ತದೆ, ಹೋದ ಸಲ ಆಳವಿದ್ದಲ್ಲಿ ಈ ಸಲ ದಿಬ್ಬ. "ಗಾಳಿ ಏಳುವ ಮೊದಲು ತಿರುಗಿ ಅಣ್ಣ, ಬಾಗಿಲ ಕಡೆ ಹೋಗುವುದು ಬೇಡ" ಎಂದು ಅಲ್ಲಿಯ ತರಬೇತುದಾರ ಹೇಳಿದರೆ ಮರುಮಾತಾಡಬೇಡಿ. ಈಜು ಬಾರದವರು, ಹತ್ತು ವರ್ಷದೊಳಗಿನ ಮಕ್ಕಳು ಇಳಿತದಲ್ಲಿ ಇಲ್ಲಿ ನೀರಿಗೆ ಇಳಿಯಲೇಬಾರದು ಎನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಕುಂದಾಪುರದ ಪಂಚಗಂಗಾವಳಿಯನ್ನೂ ಕೆಲವರು ಹೇಳುತ್ತಾರೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರುವ ಆ ವಿಸ್ತಾರ ಕಣ್ಣಿಗೆ ಹಬ್ಬ, ಕಾಂಡ್ಲಾವೂ ಬೇಕಾದಷ್ಟಿದೆ. ಆದರೆ ಒಂದು ಕುದ್ರುವಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಹೊಸಬರು ಸುಸ್ತಾಗುತ್ತಾರೆ. ಅದು ದೋಣಿಯಲ್ಲಿ ನೋಡುವ ಜಾಗ.

ನನ್ನನ್ನು ಒಂದೇ ಕಡೆ ಕಳಿಸುವುದಾದರೆ ಸಾಲಿಗ್ರಾಮಕ್ಕೆ ಕಳಿಸಿ, ಏರುವ ನೀರಿನಲ್ಲಿ ಕಳಿಸಿ. ಮೊದಲ ಸಲ ಬರುವವರನ್ನು, ವಯಸ್ಸಾದ ಅಪ್ಪ ಅಮ್ಮನನ್ನು, ಹಕ್ಕಿ ನೋಡುವವರನ್ನು ನಾನು ಅಲ್ಲಿಗೇ ಕರೆದೊಯ್ಯುತ್ತೇನೆ. ತಪ್ಪಿ ಮಗುಚಿದರೂ ತೋಡಿನ ನೀರು ಸೆಳೆದುಕೊಂಡು ಹೋಗುವುದಿಲ್ಲ. ಒಂದೇ ಬೇಡಿಕೆ: ತಿರುಗಲು ಆಗಲಿಲ್ಲವೆಂದು ಬೇರು ಹಿಡಿದು ಎಳೆಯಬೇಡಿ, ಎಳೆಯ ಸಸಿಗಳ ಮೇಲೆ ಕಯಾಕ್ ಹತ್ತಿಸಬೇಡಿ. ಕರಾವಳಿ ನಿಯಂತ್ರಣ ವಲಯದ ನಿಯಮದಲ್ಲಿ ಕಾಂಡ್ಲಾವನಕ್ಕೆ ಅತಿ ಹೆಚ್ಚು ರಕ್ಷಣೆಯ ಸ್ಥಾನವಿದೆ. ಕಾಗದದ ಮೇಲಿನ ಆ ರಕ್ಷಣೆ ನಮ್ಮ ಹುಟ್ಟಿನ ತುದಿಯಲ್ಲೂ ಇರಬೇಕು. ಗಟ್ಟಿಯಾಗಿ ಹುಟ್ಟು ಹಾಕುವ ಆಸೆ ಇರುವ ಗೆಳೆಯರಿಗೆ ಮೂಲ್ಕಿಯನ್ನೇ ಹೇಳುತ್ತೇನೆ, ಬೆಳಗ್ಗೆ ಆರೂವರೆಗೆ ನೀರಿನಲ್ಲಿ ಇರಬೇಕೆಂಬ ಷರತ್ತಿನ ಮೇಲೆ.

ಎಲ್ಲಿಗೇ ಹೋದರೂ ಜಾಕೆಟ್ಟಿನ ಬಕಲ್ ಹಾಕಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಕಿವಿಯ ತನಕ ಎದ್ದು ಬಂದರೆ ಅದು ನಿಮ್ಮ ಅಳತೆಯದ್ದಲ್ಲ, ಬೇರೆ ಕೇಳಿ. ಹವಾಯಿ ಚಪ್ಪಲಿ ಬೇಡ, ಕೆಸರು ಅದನ್ನು ನುಂಗುತ್ತದೆ, ಹಿಂದೆ ಪಟ್ಟಿ ಇರುವುದು ಹಾಕಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಎರಡೂ ಕಡೆಯ ಆಸೆ ಬಿಡಿ, ಘಟ್ಟದ ನೀರು ಕೆಂಪಗೆ ತುಂಬಿ ಬರುತ್ತಿರುತ್ತದೆ. ನವೆಂಬರ್‌ನಿಂದ ಫೆಬ್ರವರಿಯೇ ಒಳ್ಳೆಯ ಕಾಲ. ಮಾರ್ಚ್ ನಂತರವೂ ಹೋಗಬಹುದು, ಆದರೆ ಆಗ ಸಾಲಿಗ್ರಾಮದಲ್ಲಿ ನೆರಳಿದೆ, ಮೂಲ್ಕಿಯಲ್ಲಿ ಇಲ್ಲ.