ಒಂದೇ ಸಾಕ್ಸ್ ದತ್ತಾಂಶ, ಮೂರು ವಿಧಾನ: ಪೊರೋಡ್, ಡಿಬೈ–ಬ್ಯೂಕಿ, ಟಾಯ್ಬ್ನರ್–ಸ್ಟ್ರೈ

ರಂಧ್ರಮಯ ಸಿಲಿಕಾ, ಬೇರ್ಪಟ್ಟ ಪಾಲಿಮರ್ ಮಿಶ್ರಣ, ಮೈಕ್ರೊಎಮಲ್ಷನ್ (ನೀರು–ಎಣ್ಣೆಯ ಅತಿ ಸೂಕ್ಷ್ಮ ಮಿಶ್ರಣ) ಮೂರೂ ಸಣ್ಣ ಕೋನದ ಎಕ್ಸ್‌-ರೇ ಚದುರಿಕೆಗೆ (ಸಾಕ್ಸ್) ಬಹುಮಟ್ಟಿಗೆ ಒಂದೇ ಬಗೆಯವು: ಎರಡು ಪ್ರಾವಸ್ಥೆ, ಎರಡು ಎಲೆಕ್ಟ್ರಾನ್ ಸಾಂದ್ರತೆ, ನಡುವೆ ಒಂದು ಗಡಿ. ಒಂದೇ ದತ್ತಾಂಶಕ್ಕೆ ಮೂರು ವಿಧಾನಗಳನ್ನೂ ಹಚ್ಚಿ ನೋಡಿದ ಮೇಲೆ ನಮ್ಮ ಒಲವು ಇಷ್ಟು: ಮೊದಲು ಪೊರೋಡ್. ಉಳಿದೆರಡರ ಸರದಿ ಆಮೇಲೆ.

ಪೊರೋಡ್ ಯಾವ ಆಕಾರವನ್ನೂ ಊಹಿಸಿಕೊಳ್ಳುವುದಿಲ್ಲ, ಗಡಿ ಚೂಪಾಗಿದ್ದರೆ ಸಾಕು. ಆಗ ದೊಡ್ಡ ಕ್ಯೂನಲ್ಲಿ (ಕ್ಯೂ ಎಂದರೆ ಚದುರಿದ ಕೋನದೊಂದಿಗೆ ಹೆಚ್ಚುವ, ದೂರದ ವಿಲೋಮದಲ್ಲಿ ಹೇಳುವ ಅಳತೆ) ಚದುರಿದ ಕಿರಣದ ತೀವ್ರತೆ ಕ್ಯೂ⁴ಕ್ಕೆ ವಿಲೋಮವಾಗಿ ಇಳಿಯುತ್ತದೆ. ತೀವ್ರತೆ × ಕ್ಯೂ⁴ ಅನ್ನು ಕ್ಯೂ⁴ದ ಎದುರು ಗೀಚಿ. ಬಾಲದಲ್ಲಿ, ಅಂದರೆ ದೊಡ್ಡ ಕ್ಯೂನ ಭಾಗದಲ್ಲಿ, ಸಿಗುವ ಸರಳರೇಖೆಯ ಇಳಿಜಾರೇ ಸ್ಥಿರ ಹಿನ್ನೆಲೆ, ಅದು ಲಂಬಾಕ್ಷವನ್ನು ಕಡಿಯುವ ಬೆಲೆಯೇ ಪೊರೋಡ್ ಸ್ಥಿರಾಂಕ. ಹಿನ್ನೆಲೆ ಕಳೆದು, ತೀವ್ರತೆ × ಕ್ಯೂ²ದ ಅನುಕಲನ ಮಾಡಿದರೆ ಇನ್‌ವೇರಿಯಂಟ್, ಅಂದರೆ ಆಕಾರವನ್ನು ಅವಲಂಬಿಸದ ಒಟ್ಟು ಚದುರಿಕೆ. ಸ್ಥಿರಾಂಕವನ್ನು ಇನ್‌ವೇರಿಯಂಟ್‌ನಿಂದ ಭಾಗಿಸಿ, ಪೈ ಮತ್ತು ಎರಡೂ ಪ್ರಾವಸ್ಥೆಗಳ ಗಾತ್ರದ ಪಾಲುಗಳಿಂದ ಗುಣಿಸಿದರೆ ಪ್ರತಿ ಘನ ಅಳತೆಗೆ ಗಡಿಯ ವಿಸ್ತೀರ್ಣ ಬರುತ್ತದೆ. ಇಲ್ಲಿ ಸಾಂದ್ರತೆಯ ವ್ಯತ್ಯಾಸವೂ ನಿರಪೇಕ್ಷ ಮಾಪನವೂ ತಾವಾಗಿಯೇ ಕಳೆದುಹೋಗುತ್ತವೆ, ಅದೇ ಇದರ ದೊಡ್ಡ ಅನುಕೂಲ.

ಕೈಕೊಡುವುದು ಬಾಲದಲ್ಲಿ. ಸಹಸಂಬಂಧ ದೂರ (ಒಂದೇ ಪ್ರಾವಸ್ಥೆ ಸರಿಸುಮಾರು ಎಷ್ಟು ದೂರ ಮುಂದುವರಿಯುತ್ತದೆಂಬ ಅಳತೆ) 4 ನ್ಯಾನೊಮೀಟರ್ ಇರುವ ಮಾದರಿಯನ್ನು ಪ್ರತಿ ನ್ಯಾನೊಮೀಟರ್‌ಗೆ 3ರವರೆಗಿನ ಕ್ಯೂ ತನಕ ಅಳೆದರೆ, ಇನ್‌ವೇರಿಯಂಟ್‌ನ ಶೇ. 10ಕ್ಕೂ ಹೆಚ್ಚು ಭಾಗ ಅಳೆಯದ ಬಾಲದಲ್ಲೇ ಉಳಿದಿರುತ್ತದೆ. ಪೊರೋಡ್ ಸ್ಥಿರಾಂಕವನ್ನು ಕೊನೆಯ ಕ್ಯೂನಿಂದ ಭಾಗಿಸಿ ಅದನ್ನು ಸೇರಿಸಲೇಬೇಕು. ಹಿನ್ನೆಲೆಯಂತೂ ಇನ್ನೂ ಸೂಕ್ಷ್ಮ: ಸೊನ್ನೆ ಕೋನದ ತೀವ್ರತೆಯ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಹಿನ್ನೆಲೆ ಕಳೆಯದೆ ಉಳಿದರೂ ಇದೇ ಮಾದರಿಯ ಅನುಕಲನ ಸುಮಾರು ಶೇ. 7 ಉಬ್ಬುತ್ತದೆ. ಕ್ಯೂ² ತೂಕ ಅದನ್ನು ಹಿಗ್ಗಿಸುವುದೇ ಕಾರಣ. ಹಿನ್ನೆಲೆ ಕಳೆದ ಮೇಲೂ ತೀವ್ರತೆ × ಕ್ಯೂ⁴ ಇಳಿಯುತ್ತಲೇ ಹೋದರೆ ಗಡಿ ಮಸುಕಾಗಿದೆ ಎಂದರ್ಥ, ಅಥವಾ ನೀವು ಹೆಚ್ಚು ಕಳೆದಿದ್ದೀರಿ. ಎರಡನ್ನೂ ಬೇರ್ಪಡಿಸಲು ಖಾಲಿ ಮಾದರಿಕೋಶದ ಅಳತೆಯನ್ನು ಪಾರಗಮನಕ್ಕೆ (ಮಾದರಿಯನ್ನು ದಾಟಿ ಹೋಗುವ ಕಿರಣದ ಪಾಲಿಗೆ) ತಕ್ಕಂತೆ ಸರಿಹೊಂದಿಸಿ ಮತ್ತೆ ಕಳೆದು ನೋಡುವುದೇ ದಾರಿ.

ಡಿಬೈ–ಬ್ಯೂಕಿ (1949) ಬೇಗ ಮುಗಿಯುವ ಕೆಲಸ. ಎರಡು ಪ್ರಾವಸ್ಥೆಗಳು ಯದ್ವಾತದ್ವಾ ಹರಡಿವೆ, ಸಹಸಂಬಂಧ ಘಾತೀಯವಾಗಿ ಕುಗ್ಗುತ್ತದೆ ಎಂದುಕೊಂಡು, ತೀವ್ರತೆಯ ವರ್ಗಮೂಲದ ವಿಲೋಮವನ್ನು ಕ್ಯೂ²ದ ಎದುರು ಗೀಚುತ್ತೇವೆ. ಇಳಿಜಾರನ್ನು ಲಂಬಾಕ್ಷದ ಬೆಲೆಯಿಂದ ಭಾಗಿಸಿ ವರ್ಗಮೂಲ ತೆಗೆದರೆ ಸಹಸಂಬಂಧ ದೂರ. ಅದು 4 ನ್ಯಾನೊಮೀಟರ್, ರಂಧ್ರದ ಪಾಲು 0.3 ಎಂದಾದರೆ ರಂಧ್ರದ ಸರಾಸರಿ ಜ್ಯಾ (ಅದರೊಳಗೆ ಗಡಿಯಿಂದ ಗಡಿಗೆ ಎಳೆದ ಸರಳರೇಖೆಯ ಉದ್ದ) 5.7, ಘನಭಾಗದ್ದು 13.3 ನ್ಯಾನೊಮೀಟರ್, ಗಡಿ ಪ್ರತಿ ಘನ ಸೆಂಟಿಮೀಟರ್‌ಗೆ 210 ಚದರ ಮೀಟರ್. ಇದು ಪೊರೋಡ್ ಉತ್ತರಕ್ಕೆ ಹೊಂದದಿದ್ದರೆ ನಂಬಬೇಡಿ. ಸಣ್ಣ ಕ್ಯೂನಲ್ಲಿ ರೇಖೆ ಕೆಳಗೆ ಬಾಗಿದರೆ ಬಿರುಕು ಅಥವಾ ದೊಡ್ಡ ಗುಂಪುಗಳ ಹೆಚ್ಚುವರಿ ಚದುರಿಕೆ ಸೇರಿಕೊಂಡಿದೆ. ಆ ಬಿಂದುಗಳನ್ನು ಬಿಟ್ಟು ಉಳಿದವಕ್ಕೆ ರೇಖೆ ಎಳೆದು ಸುಮ್ಮನಾಗುವವರೇ ಹೆಚ್ಚು, ಅದು ಮೋಸ.

ವಕ್ರರೇಖೆಯಲ್ಲಿ ಶಿಖರವಿದ್ದರೆ ಡಿಬೈ–ಬ್ಯೂಕಿ ನಿಷ್ಪ್ರಯೋಜಕ. ಅಲ್ಲಿ ಟಾಯ್ಬ್ನರ್–ಸ್ಟ್ರೈ (1987). ತೀವ್ರತೆಯ ವಿಲೋಮವೆಂದರೆ ಒಂದು ಸ್ಥಿರಪದ, ಒಂದು ಕ್ಯೂ² ಪದ, ಒಂದು ಕ್ಯೂ⁴ ಪದ. ನಡುವಿನ ಗುಣಾಂಕ ಋಣವಾದರೆ ಶಿಖರ. ಇದರಿಂದ ಪುನರಾವರ್ತನೆಯ ದೂರವೂ ಆ ಕ್ರಮ ಎಷ್ಟು ದೂರ ಉಳಿಯುತ್ತದೆಂಬುದೂ ಬೇರೆಬೇರೆಯಾಗಿ ಸಿಗುತ್ತವೆ. ಮೈಕ್ರೊಎಮಲ್ಷನ್‌ಗೆ ಇದಕ್ಕಿಂತ ಸರಳವಾದದ್ದು ಬೇಡ. ಶಿಖರವಿಲ್ಲದ ನುಣುಪು ರೇಖೆಗೂ ಮೂರು ಗುಣಾಂಕಗಳು ಸಲೀಸಾಗಿ ಒಗ್ಗುತ್ತವೆ, ಆದರೆ ಆಗ ಬರುವ ಪುನರಾವರ್ತನೆಯ ದೂರಕ್ಕೆ ಅರ್ಥವಿಲ್ಲ. ವಿಶೇಷವೆಂದರೆ, ಆ ದೂರ ಅನಂತವಾಗುವ ಅಂಚಿನಲ್ಲಿ ಈ ಸೂತ್ರ ಡಿಬೈ–ಬ್ಯೂಕಿಯೇ ಆಗಿಬಿಡುತ್ತದೆ.

ಯಾವುದನ್ನೇ ಹಿಡಿದರೂ ಪಾರಗಮನ 0.37ರ ಆಸುಪಾಸಿರಲಿ, ತಾಮ್ರದ ಕೆ-ಆಲ್ಫಾ ಕಿರಣಕ್ಕೆ ರಂಧ್ರವಿಲ್ಲದ ಸಿಲಿಕಾ 0.13 ಮಿಲಿಮೀಟರ್‌ಗೇ ಅಲ್ಲಿಗೆ ತಲುಪುತ್ತದೆ. ಉದ್ದ ಸೀಳಿನ ಕ್ಯಾಮೆರಾ ಬಳಸಿದರೆ ಬಾಲ ಕ್ಯೂ⁴ದ ಬದಲು ಕ್ಯೂ³ಕ್ಕೆ ವಿಲೋಮವಾಗಿ ಇಳಿಯುತ್ತದೆ. ಅದನ್ನು ಸರಿಪಡಿಸದೆ ಮೇಲಿನ ಯಾವ ಗೀಟನ್ನೂ ಎಳೆಯಬಾರದು. ಇನ್ನು 0.3 ಪಾಲಿನದು ರಂಧ್ರವೋ ಘನಭಾಗವೋ ಎಂಬುದನ್ನು ಮೂರರಲ್ಲಿ ಯಾವುದೂ ಹೇಳದು. ಬಾಬಿನೆ ತತ್ವದಂತೆ ಎರಡೂ ಒಂದೇ ವಕ್ರರೇಖೆ ಕೊಡುತ್ತವೆ, ಹಾಗಾಗಿ ಮಾದರಿಯ ಸಾಂದ್ರತೆಯನ್ನು ಬೇರೆಯಾಗಿ ಅಳೆದಿಟ್ಟುಕೊಳ್ಳಿ.