ವಾರಕ್ಕೊಂದು ಸುತ್ತು: ಗೆಳೆಯರ ಆನ್‌ಲೈನ್ ಗಾಲ್ಫ್ ಲೀಗ್, ಎರಡು ವರ್ಷದ ಬಳಕೆಯ ನಂತರ

ಚೆಂಡು ಪದೇ ಪದೇ ಬಲಕ್ಕೆ ಹೋಗುತ್ತಿದ್ದರೆ ಕೈಯನ್ನು ಬೈಯುವ ಮೊದಲು ಟಿವಿಯ ಸೆಟ್ಟಿಂಗ್ ನೋಡಿ. ಪಿಜಿಎ ಟೂರ್ 2ಕೆ23 ಎಂಬ ಗಾಲ್ಫ್ ವಿಡಿಯೋ ಗೇಮಿನಲ್ಲಿ ಲೀಗ್ ಕಟ್ಟುವ ಹೊಸಬರಿಗೆ ಹೇಳಬೇಕಾದ ಮೊದಲ ಮಾತು ಇದೇ. ಆಟ 2022ರ ಅಕ್ಟೋಬರಿನಲ್ಲಿ ಬಂದದ್ದು. ಗ್ರಾಫಿಕ್ಸ್ ಹೇಗಿದೆ, ಯಾವ ಆಟಗಾರರಿದ್ದಾರೆ, ಎಷ್ಟು ಕೋರ್ಸ್‌ಗಳಿವೆ (ಗಾಲ್ಫ್ ಮೈದಾನಗಳು) ಅನ್ನೋದೆಲ್ಲ ಎಲ್ಲ ಕಡೆ ಸಿಗುತ್ತದೆ. ದಾವಣಗೆರೆ, ಹರಿಹರ, ಚಿತ್ರದುರ್ಗದಲ್ಲಿ ಹಂಚಿಹೋಗಿರುವ ಎಂಟು ಜನ ವಾರಕ್ಕೊಂದು ಸುತ್ತು ತಪ್ಪದೆ ಆಡುವಾಗ ಏನು ಕೆಡುತ್ತದೆ, ಏನು ಖುಷಿ ಕೊಡುತ್ತದೆ ಎಂಬುದಷ್ಟೇ ಇಲ್ಲಿದೆ.

ಮೊದಲು ಕೆಡುವುದು. ಕಂಟ್ರೋಲರಿನ ಬಲಗಡೆಯ ಸ್ಟಿಕ್ಕನ್ನು ಕೆಳಕ್ಕೆ ಎಳೆದರೆ ಕ್ಲಬ್ (ಗಾಲ್ಫ್ ಕೋಲು) ಹಿಂದಕ್ಕೆ ಏಳುತ್ತದೆ, ಮೇಲಕ್ಕೆ ತಳ್ಳಿದರೆ ಹೊಡೆತ ಬೀಳುತ್ತದೆ. ತಳ್ಳುವುದು ಅವಸರವಾದರೆ ಬಲಗೈ ಆಟಗಾರನ ಚೆಂಡು ಎಡಕ್ಕೆ ಹೊರಳುತ್ತದೆ, ತಡವಾದರೆ ಬಲಕ್ಕೆ. ಕ್ಲಬ್ ತುದಿಗೆ ಏರಿದ್ದನ್ನು ಕಣ್ಣು ನೋಡಿದ ಮೇಲೆ ಬೆರಳು ತಳ್ಳುತ್ತದೆ. ಟಿವಿ ಚಿತ್ರವನ್ನು ನುಣುಪು ಮಾಡುತ್ತಾ ಕೂತರೆ ಆ ತುದಿಯೇ ನಮಗೆ ತಡವಾಗಿ ಕಾಣುತ್ತದೆ. ಕೆಲವು ಟಿವಿಗಳಲ್ಲಿ ಈ ತಡ 100 ಮಿಲಿಸೆಕೆಂಡ್ ದಾಟುತ್ತದೆ. ಕ್ರಿಕೆಟ್ ನೋಡುವಾಗ ಅದು ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಮಾತ್ರ ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ನಡುವೆ ಬೀಳಬೇಕಾದ ಚೆಂಡು ಮರದ ಬುಡಕ್ಕೆ ಹೋಗಿ ನಿಲ್ಲುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಟಿವಿಯ ಪಿಕ್ಚರ್ ಸೆಟ್ಟಿಂಗಿನಲ್ಲಿ ಗೇಮ್ ಮೋಡ್ ಹಾಕಿ. ಚಲನೆ ನುಣುಪು ಮಾಡುವ ಆಯ್ಕೆ, ಚಿತ್ರದ ನಾಯ್ಸ್ ಕಡಿಮೆ ಮಾಡುವ ಆಯ್ಕೆ ಎರಡನ್ನೂ ಆಫ್ ಮಾಡಿ. ಹಲವು ಟಿವಿಗಳಲ್ಲಿ ಗೇಮ್ ಮೋಡ್ ಒಂದೊಂದು ಎಚ್‌ಡಿಎಂಐ ಕಿಂಡಿಗೂ ಬೇರೆ ಬೇರೆ ಇರುತ್ತದೆ, ಆದ್ದರಿಂದ ವೈರನ್ನು ಇನ್ನೊಂದು ಕಿಂಡಿಗೆ ಬದಲಾಯಿಸಿದರೆ ಮತ್ತೆ ಹಾಕಬೇಕು. ಬ್ಲೂಟೂತ್ ಹೆಡ್‌ಫೋನ್ ಬೇಡ, ಹೊಡೆತದ ಸದ್ದು ತಡವಾಗಿ ಬಂದು ಲಯ ಕೆಡುತ್ತದೆ. ಇಷ್ಟು ಮಾಡಿದ ಮೇಲೆ ಆಟದೊಳಗಿನ ಸ್ವಿಂಗ್ ಕ್ಯಾಲಿಬ್ರೇಶನ್ ಮತ್ತೊಮ್ಮೆ ಮಾಡಿ. ಟಿವಿ ಬದಲಾದರೂ, ಕಂಟ್ರೋಲರ್ ಬದಲಾದರೂ ಇದನ್ನು ಮಾಡಲೇಬೇಕು. ಹಳೆಯ ಟಿವಿಗೆ ಹೊಂದಿಸಿದ ಅಳತೆ ಹೊಸದಕ್ಕೆ ಕೂಡಿಬರುವುದಿಲ್ಲ.

ಇನ್ನೊಂದು ತೊಂದರೆ ಹೆಬ್ಬೆರಳಿನದು. ಸ್ಟಿಕ್ ನೇರ ಕೆಳಗೆ ಹೋಗಿ ನೇರ ಮೇಲೆ ಬರಬೇಕು, ಆದರೆ ಹೆಬ್ಬೆರಳು ಬುಡದಿಂದ ತಿರುಗುವುದರಿಂದ ಕಮಾನಿನ ಹಾಗೆ ಓಡುತ್ತದೆ. ಕಂಟ್ರೋಲರನ್ನು ತೊಡೆಯ ಮೇಲೆ ಊರಿ, ಬೆರಳು ಸಹಜವಾಗಿ ಓಡುವ ಗೆರೆ ಸ್ಟಿಕ್ಕಿನ ನೇರಕ್ಕೆ ಬರುವಷ್ಟು ಓರೆ ಮಾಡಿ ಹಿಡಿಯಿರಿ. ಬೆರಳಿನ ತುದಿ ಬೇಡ, ಮೆತ್ತನೆಯ ನಡುಭಾಗ ಸ್ಟಿಕ್ಕಿನ ಮೇಲಿರಲಿ. ಎಳೆಯುವಾಗ ಮನಸ್ಸಿನಲ್ಲೇ "ಒಂದು", ತಳ್ಳುವಾಗ "ಎರಡು". ತುದಿಯಲ್ಲಿ ನಿಂತು ಯೋಚಿಸಿದರೆ ಕೆಟ್ಟಿತೆಂದೇ ಲೆಕ್ಕ. ಸುತ್ತು ಶುರು ಮಾಡುವ ಮುಂಚೆ ಅಭ್ಯಾಸದಲ್ಲಿ ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಹತ್ತು, ಏಳರ ಐರನ್ (ಮಧ್ಯಮ ದೂರದ ಕ್ಲಬ್) ಹತ್ತು, ಹತ್ತಡಿಯ ಪಟ್ (ಕುಳಿಯ ಕಡೆಗೆ ಉರುಳಿಸುವ ಹೊಡೆತ) ಹತ್ತು. ಹತ್ತೇ ನಿಮಿಷದ ಕೆಲಸ, ಆದರೆ ಇದನ್ನು ಬಿಟ್ಟ ದಿನ ಮೊದಲ ಮೂರು ಹೋಲ್‌ಗಳಲ್ಲಿ (ಕುಳಿಗಳಲ್ಲಿ) ಬೋಗಿ, ಅಂದರೆ ನಿಗದಿಗಿಂತ ಒಂದು ಹೊಡೆತ ಹೆಚ್ಚು, ಬೀಳುವುದು ಸಾಮಾನ್ಯ.

ಊಟ ಮುಗಿಸಿ ಒಂಬತ್ತೂವರೆಗೆ ಕೂತರೆ ಮಂಡಕ್ಕಿ, ಮಿರ್ಚಿ ಪಕ್ಕದಲ್ಲಿರುವುದು ನಮ್ಮ ಕಡೆಯ ವಾಡಿಕೆ. ಅದನ್ನು ಒಂಬತ್ತನೇ ಹೋಲ್ ಮುಗಿದ ಮೇಲೆ ಇಟ್ಟುಕೊಳ್ಳಿ. ಮಿರ್ಚಿಯ ಎಣ್ಣೆ ಬೆರಳಿಗೆ ಹತ್ತಿದರೆ ಸ್ಟಿಕ್ಕಿನ ರಬ್ಬರ್ ಜಾರುತ್ತದೆ, ಒರೆಸಿದರೆ ಸಾಲದು, ಸೋಪು ಹಾಕಿ ತೊಳೆಯಬೇಕು. ಒಗ್ಗರಣೆ ಮಂಡಕ್ಕಿಯ ಪುಟಾಣಿ ಹಿಟ್ಟು ಸ್ಟಿಕ್ಕಿನ ಬುಡದ ಸಂದಿಗೆ ಇಳಿದರೆ ಇನ್ನೂ ಕಷ್ಟ. ಒಳಗೆ ಕೊಳೆ ಸೇರಿ ಸ್ಟಿಕ್ ಅಳ್ಳಾಡಿದಂತಾಗುತ್ತದೆ, ಸುಮ್ಮನಿದ್ದರೂ ಗುರಿ ತಾನಾಗಿ ಸರಿಯುತ್ತದೆ. ಹತ್ತಿಯ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಸುತ್ತ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಆನ್ ಮಾಡಿ. ಆಮೇಲೂ ಸರಿಯುತ್ತಿದ್ದರೆ ಒಳಗಿನ ಭಾಗ ಸವೆದಿದೆ ಎಂದರ್ಥ. ಹೊಸದು ಕೊಳ್ಳುವಾಗ ಹಾಲ್ ಎಫೆಕ್ಟ್ ಸ್ಟಿಕ್ ಇರುವುದನ್ನು ಕೇಳಿ. ಅದು ಆಯಸ್ಕಾಂತದಿಂದ ಕೆಲಸ ಮಾಡುವುದರಿಂದ ಉಜ್ಜಿ ಸವೆಯುವ ಸೆನ್ಸರ್ ಅದರಲ್ಲಿಲ್ಲ.

ಇಷ್ಟು ತಕರಾರು ಓದಿ ಬೇಡ ಅನ್ನಿಸಬಾರದು. ಲೀಗ್ ಅನ್ನೋದು ಇದೆಲ್ಲವನ್ನೂ ಮರೆಸುತ್ತದೆ.

ಆಟದಲ್ಲಿ ಸೊಸೈಟಿ ಎಂಬ ವ್ಯವಸ್ಥೆಯಿದೆ. ಒಬ್ಬರು ತೆರೆದು, ಉಳಿದವರನ್ನು ಕರೆದು, ಕೋರ್ಸ್, ಗಾಳಿ, ಗ್ರೀನಿನ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ) ವೇಗ, ಎಷ್ಟು ಸುತ್ತು, ಎಂದಿನವರೆಗೆ ಎಂದು ನಿಗದಿ ಮಾಡುತ್ತಾರೆ. ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕಿಲ್ಲ ಎಂಬುದೇ ಇದರ ದೊಡ್ಡ ಗುಣ. ಅಂಗಡಿ ಮುಚ್ಚಿ ಬರುವವರು ರಾತ್ರಿ ಹತ್ತಕ್ಕೆ, ಪಾಳಿ ಕೆಲಸದವರು ಬೆಳಗ್ಗೆ ಆರಕ್ಕೆ ಆಡಬಹುದು. ಸೋಮವಾರ ತೆರೆದು ಭಾನುವಾರ ರಾತ್ರಿ ಹನ್ನೊಂದಕ್ಕೆ ಮುಚ್ಚುವುದು ಚೆನ್ನಾಗಿ ಹೊಂದುತ್ತದೆ. ಮುಕ್ಕಾಲು ಗಂಟೆಯಲ್ಲಿ ಒಬ್ಬರ ಹದಿನೆಂಟು ಹೋಲ್ ಮುಗಿಯುತ್ತದೆ. ನಾಲ್ವರು ಒಟ್ಟಿಗೆ ಕೂತರೆ ಗಂಟೆ ಮೀರುತ್ತದೆ, ಅದನ್ನು ತಿಂಗಳಿಗೊಮ್ಮೆ ಇಟ್ಟುಕೊಂಡರೆ ಸಾಕು. ಮೊದಲೇ ಆಡಿದವರ ಚೆಂಡು ಹೋದ ದಾರಿ ನಮ್ಮ ಪರದೆಯ ಮೇಲೆ ಮೂಡುತ್ತದೆ. ಗೆಳೆಯನ ಗೆರೆ ನೀರಿಗೆ ಇಳಿದದ್ದು ಕಂಡರೆ ಅಲ್ಲಿ ಗಾಳಿ ಮೋಸ ಮಾಡುತ್ತಿದೆ ಎಂದು ಇನ್ನೂ ದೂರ ಹೊಡೆಯುವ ಕ್ಲಬ್ ತೆಗೆದುಕೊಳ್ಳಬಹುದು.

ಸ್ಟಿಕ್ ಬದಲು ಬಟನ್ ಮೂರು ಸಲ ಒತ್ತಿ ಹೊಡೆಯುವ ವಿಧಾನವೂ 2ಕೆ23ರಲ್ಲಿ ಬಂದಿದೆ. ಯಾವುದನ್ನು ಆಡಬೇಕು, ಕಷ್ಟದ ಮಟ್ಟ ಎಷ್ಟು ಎಂಬುದನ್ನು ಮೊದಲ ವಾರವೇ ತೀರ್ಮಾನಿಸಿ. ಒಬ್ಬರು ಸುಲಭದ ಮಟ್ಟದಲ್ಲಿ, ಇನ್ನೊಬ್ಬರು ಮಾಸ್ಟರ್‌ನಲ್ಲಿ ಆಡಿದರೆ ಪಟ್ಟಿಗೆ ಬೆಲೆಯಿರುವುದಿಲ್ಲ. ಎಲ್ಲರಿಗೂ ಒಂದೇ ಮಟ್ಟ ಇಟ್ಟು, ಆಟದ ಅಂತರವನ್ನು ಹ್ಯಾಂಡಿಕ್ಯಾಪ್‌ನಿಂದ (ಕಡಿಮೆ ಪಳಗಿದವರಿಗೆ ಕೊಡುವ ಹೊಡೆತಗಳ ರಿಯಾಯಿತಿ) ಸರಿದೂಗಿಸುವುದು ನ್ಯಾಯ. ನಿಜವಾದ ಗಾಲ್ಫಿನಲ್ಲಿ ಕೊನೆಯ 20 ಸುತ್ತುಗಳಲ್ಲಿ ಒಳ್ಳೆಯ 8ರ ಸರಾಸರಿ ಹಿಡಿಯುತ್ತಾರೆ. ಸಣ್ಣ ಲೀಗಿಗೆ ಕೊನೆಯ 5ರಲ್ಲಿ ಒಳ್ಳೆಯ 3 ಸಾಕು.

ಅಂಕಕ್ಕೆ ಸ್ಟೇಬಲ್‌ಫರ್ಡ್ ಪದ್ಧತಿ ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. 1932ರಲ್ಲಿ ಇಂಗ್ಲೆಂಡಿನ ವಾಲಸಿ ಕ್ಲಬ್ಬಿನಲ್ಲಿ ಮೊದಲು ಸ್ಪರ್ಧೆಗೆ ಬಂದ ಪದ್ಧತಿ ಇದು. ಬೋಗಿಗೆ 1, ಪಾರ್‌ಗೆ (ಹೋಲಿಗೆ ನಿಗದಿಯಾದಷ್ಟೇ ಹೊಡೆತ) 2, ಬರ್ಡಿಗೆ (ಒಂದು ಕಡಿಮೆ) 3, ಈಗಲ್‌ಗೆ (ಎರಡು ಕಡಿಮೆ) 4, ಡಬಲ್ ಬೋಗಿ (ಎರಡು ಹೆಚ್ಚು) ಅಥವಾ ಅದಕ್ಕಿಂತ ಕೆಟ್ಟದ್ದಕ್ಕೆ ಸೊನ್ನೆ. ಬರಿಯ ಹೊಡೆತಗಳ ಎಣಿಕೆಯಲ್ಲಿ ಒಂದು ಹೋಲಿನಲ್ಲಿ ಹತ್ತು ಹೊಡೆದವರು ಅಲ್ಲಿಗೇ ಆಟ ಬಿಟ್ಟು ಏಳುತ್ತಾರೆ. ಇಲ್ಲಿ ಆ ಹೋಲಿನಲ್ಲಿ ಕಳೆದುಕೊಳ್ಳುವುದು ಎರಡೇ ಅಂಕ, ಮುಂದಿನ ಹೋಲಿನಲ್ಲಿ ಬರ್ಡಿ ಹೊಡೆದರೆ ಒಂದು ವಾಪಸ್. ಲೀಗ್ ಆರು ತಿಂಗಳು ದಾಟಿ ಉಳಿಯುವುದು ಇದರಿಂದ. ಸ್ಕೋರ್‌ಕಾರ್ಡಿನ ಫೋಟೋ ವಾಟ್ಸಾಪ್ ಗುಂಪಿಗೆ, ಲೆಕ್ಕ ಎಲ್ಲರೂ ನೋಡಬಹುದಾದ ಒಂದು ಶೀಟಿಗೆ.

ದೂರದ ಲೆಕ್ಕ ಕಲಿಯಲು ಎರಡು ವಾರ ಸಾಕು. ಎದುರುಗಾಳಿ ಗಂಟೆಗೆ ಒಂದು ಮೈಲಿಗೆ ಶೇಕಡಾ ಒಂದರಂತೆ ಕೂಡಿಸಿ, ಬೆನ್ನಿನ ಗಾಳಿಗೆ ಅದರ ಅರ್ಧ ಕಳೆಯಿರಿ. ಏರು ಮೂರು ಅಡಿಗೆ ಒಂದು ಗಜ ಕೂಡಿಸಿ. 150 ಗಜದ ಗುರಿ, 10 ಮೈಲಿ ಎದುರುಗಾಳಿ, 12 ಅಡಿ ಏರು ಇದ್ದರೆ 150ಕ್ಕೆ 15, ಮತ್ತೆ 4 ಸೇರಿ 169 ಗಜದ ಹೊಡೆತ. ರಫ್‌ನಲ್ಲಿ (ಉದ್ದ ಹುಲ್ಲಿನಲ್ಲಿ) ಬಿದ್ದಾಗ ಹೊಡೆತದ ಬಲ ಶೇಕಡಾ 80ರಿಂದ 90 ಎಂದು ಪರದೆ ತೋರಿಸಿದರೆ 85 ಎಂದು ಹಿಡಿದು, 100 ಗಜಕ್ಕೆ 118 ಹೊಡೆಯಬೇಕು. ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ಹೆದ್ದಾರಿಯಿಂದ ನೋಡಿದವರಿಗೆ ಗೊತ್ತು, ನೆಲದ ಮೇಲೆ ಎಲೆ ಅಲುಗದಿದ್ದರೂ ಮೇಲೆ ರೆಕ್ಕೆ ತಿರುಗುತ್ತಿರುತ್ತದೆ. ಹಾಗೇ ಇಲ್ಲೂ ಎತ್ತರಕ್ಕೆ ಏರುವ ಹೊಡೆತ ಗಾಳಿಗೆ ಹೆಚ್ಚು ಸಿಗುತ್ತದೆ. ಎದುರುಗಾಳಿಗೆ ಲಾಫ್ಟ್ (ಚೆಂಡು ಏರುವ ಕೋನ) ಇಳಿಸಿ ತಗ್ಗಿನಲ್ಲಿ ಹೊಡೆಯಿರಿ.

ಗ್ರೀನಿನಲ್ಲಿ ಚೌಕಳಿಯ ಗೆರೆಗಳ ಮೇಲೆ ಮಣಿಗಳು ಓಡುತ್ತವೆ. ಮಣಿ ಓಡುವ ಕಡೆಗೇ ಇಳಿಜಾರು, ಜೋರಾಗಿ ಓಡಿದಷ್ಟೂ ಇಳಿಜಾರು ಹೆಚ್ಚು. ಒಂದು ಇಂಚು ಏರಿಗೆ ಒಂದು ಅಡಿ ಕೂಡಿಸುವುದು ಸ್ಥೂಲ ಲೆಕ್ಕ, ವೇಗದ ಗ್ರೀನಿನಲ್ಲಿ ಇಳಿಜಾರಿಗೆ ಅದಕ್ಕಿಂತ ಹೆಚ್ಚು ಕಳೆಯಬೇಕಾಗುತ್ತದೆ. ಹೋಲಿನ ಹತ್ತಿರದ ಕೊನೆಯ ಮೂರು ಅಡಿಯ ಮಣಿಗಳನ್ನು ಹೆಚ್ಚು ಗಮನಿಸಿ, ಚೆಂಡು ನಿಧಾನವಾಗುವುದು ಅಲ್ಲಿ, ವಾಲುವುದೂ ಅಲ್ಲೇ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಪದಕ ತಪ್ಪಿ ನಾಲ್ಕನೆಯವರಾದದ್ದು ಎಲ್ಲರಿಗೂ ನೆನಪಿದೆ. ನಾಲ್ಕಡಿಯ ಪಟ್ ಮುಂದೆ ಕೂತಾಗ ಆ ಒಂದು ಹೊಡೆತದ ತೂಕ ಅರ್ಥವಾಗುತ್ತದೆ.

ಇಂಟರ್ನೆಟ್ ವೇಗದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಗುಂಡು ಹಾರಿಸುವ ಆಟಗಳ ಹಾಗೆ ಇಲ್ಲಿ ಪಿಂಗ್ (ಸಂಪರ್ಕದ ತಡ) ಕಾಡುವುದಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಕೂಡ ನಡೆಯುತ್ತದೆ. ಅಪ್‌ಡೇಟ್ ಮಾತ್ರ ಹಲವು ಜಿಬಿ ಇರುತ್ತದೆ, ಅದನ್ನು ಮನೆಯ ವೈಫೈನಲ್ಲೇ ಇಳಿಸಿ. ನಿಜವಾದ ಚಿಂತೆ ಕರೆಂಟು. ಬೇಸಿಗೆಯಲ್ಲಿ ಹದಿನಾರನೇ ಹೋಲಿನಲ್ಲಿ ಕರೆಂಟ್ ಹೋದರೆ ಹೊಟ್ಟೆ ಉರಿಯುತ್ತದೆ. ಇನ್ವರ್ಟರ್ ಇದ್ದವರು ಅದರ ಹಿಂದಿನ ಅಥವಾ ಮುಂದಿನ ಸ್ವಿಚ್ ನೋಡಿ, ಯುಪಿಎಸ್ ಮೋಡಿಗೆ ತಿರುಗಿಸಿ. ಮಾಮೂಲಿ ಮೋಡಿನಲ್ಲಿ ಬ್ಯಾಟರಿಗೆ ಬದಲಾಗುವ ಕ್ಷಣ ಉದ್ದವಾಗಿ ಕನ್ಸೋಲ್ ಆರಿ ಮತ್ತೆ ಹತ್ತುತ್ತದೆ. ರೌಟರಿಗೆ ಬೇರೆ ಪುಟ್ಟ ಯುಪಿಎಸ್ ಸಿಗುತ್ತದೆ. ಅಡಾಪ್ಟರಿನ ಮೇಲೆ ಎಷ್ಟು ವೋಲ್ಟ್ (ಹೆಚ್ಚಾಗಿ 12), ಎಷ್ಟು ಆಂಪಿಯರ್ ಎಂದು ಓದಿಕೊಂಡು ಅಷ್ಟೇ ಇರುವುದನ್ನು ತನ್ನಿ. ನಡುವೆ ನಿಂತ ಸುತ್ತನ್ನು ಏನು ಮಾಡಬೇಕು ಎಂಬ ನಿಯಮವೂ ಬರಹದಲ್ಲಿರಲಿ. ಮುಗಿದ ಹೋಲ್‌ಗಳ ಫೋಟೋ ಇದ್ದರೆ ಉಳಿದವನ್ನು ಅದೇ ಕೋರ್ಸಿನಲ್ಲಿ ಬೇರೆಯಾಗಿ ಆಡಿ ಕೂಡಿಸುವುದು ಯಾರಿಗೂ ಅನ್ಯಾಯವಾಗದ ದಾರಿ. ಮೂರು ಹೋಲಿಗೊಮ್ಮೆ ಫೋಟೋ ತೆಗೆಯುವ ಅಭ್ಯಾಸ ಇದಕ್ಕಾಗಿಯೇ.

ಎಣಿಸದೇ ಸಿಕ್ಕ ಸಂತೋಷ ಎಂದರೆ ಕೋರ್ಸ್ ಡಿಸೈನರ್, ಅಂದರೆ ನಮ್ಮದೇ ಕೋರ್ಸ್ ಕಟ್ಟುವ ಸೌಲಭ್ಯ. ಕೊಳ್ಳುವಾಗ ಅದರತ್ತ ಯಾರೂ ನೋಡುವುದಿಲ್ಲ, ಆರು ತಿಂಗಳ ನಂತರ ಗುಂಪಿನ ಅರ್ಧ ಮಾತು ಅದರದ್ದೇ. ಡೆಸರ್ಟ್ ಥೀಮ್ ತೆಗೆದು, ಮರಗಳನ್ನು ವಿರಳ ಮಾಡಿ, ದೊಡ್ಡ ದೊಡ್ಡ ಬಂಡೆಗಳನ್ನು ಒಂದರ ಮೇಲೊಂದು ಒರಗಿಸಿದರೆ ದುರ್ಗದ ಬೆಟ್ಟದ ನೆನಪು ಬರುವ ಹೋಲ್ ಸಿದ್ಧ. ಬಂಡೆಯನ್ನು ಹಾಗೇ ಇಟ್ಟರೆ ಆಟಿಕೆಯಂತೆ ಕಾಣುತ್ತದೆ. ಮೂರರಲ್ಲಿ ಒಂದು ಭಾಗ ನೆಲದೊಳಗೆ ಹೂಳಿ, ಪ್ರತಿಯೊಂದನ್ನೂ ಬೇರೆ ಕೋನಕ್ಕೆ ತಿರುಗಿಸಿ, ಬುಡದಲ್ಲಿ ಒಣಹುಲ್ಲು ಹಚ್ಚಿ. ಹತ್ತಾರು ಸಣ್ಣ ಕಲ್ಲು ಸುತ್ತ ಚೆಲ್ಲಿದ ಮೇಲೆ ಅದು ಅಲ್ಲೇ ಹುಟ್ಟಿದ ಬಂಡೆಯಾಗುತ್ತದೆ.

ಆದರೆ ಚೆಂಡು ಬೀಳುವ ಜಾಗದಲ್ಲಿ ಬಂಡೆ ಇಡಬೇಡಿ. ಟೀಯಿಂದ (ಮೊದಲ ಹೊಡೆತದ ಜಾಗ) 230ರಿಂದ 290 ಗಜದೊಳಗೆ ಒಂದು ಕಲ್ಲಿದ್ದರೂ ಒಳ್ಳೆಯ ಹೊಡೆತ ಪುಟಿದು ಎತ್ತಲೋ ಹೋಗುತ್ತದೆ, ಗೆಳೆಯರು ಆ ಕೋರ್ಸನ್ನು ಮತ್ತೆ ಮುಟ್ಟುವುದಿಲ್ಲ. ಅಲ್ಲಿ ಫೇರ್‌ವೇ ಅಗಲ 35 ಗಜವಾದರೂ ಇರಲಿ. ಪಾರ್ 3 ನಾಲ್ಕು, ಪಾರ್ 4 ಹತ್ತು, ಪಾರ್ 5 ನಾಲ್ಕು ಇಟ್ಟರೆ 72 ಆಗುತ್ತದೆ. ಪಾರ್ 3ಗಳ ಉದ್ದ ಒಂದೇ ಬೇಡ, ದಿಕ್ಕೂ ಬೇರೆ ಬೇರೆ ಇರಲಿ, ಆಗ ಒಂದೇ ಗಾಳಿ ನಾಲ್ಕು ಥರ ಕಾಡುತ್ತದೆ. ಪ್ರತಿ ಗ್ರೀನಿಗೂ ನಾಲ್ಕು ಪಿನ್ (ಕುಳಿಯ ಬಾವುಟ) ಜಾಗ ಗುರುತಿಸಿ, ಹಾಗಾದರೆ ಒಂದೇ ಕೋರ್ಸ್ ನಾಲ್ಕು ವಾರ ಹಳತಾಗುವುದಿಲ್ಲ. ಪಿನ್ ಸುತ್ತ ಎರಡು ಗಜ ಚಪ್ಪಟೆಯಾಗಿರಲಿ. ಇಳಿಜಾರಿನಲ್ಲಿ ಪಿನ್ ನೆಟ್ಟರೆ ಚೆಂಡು ನಿಲ್ಲದೆ ಉರುಳಿ ವಾಪಸ್ ಕಾಲಬುಡಕ್ಕೇ ಬರುತ್ತದೆ.

ಕೊಳ್ಳಬಹುದೇ? ಜೊತೆಗೆ ನಾಲ್ಕು ಜನವಾದರೂ ಒಪ್ಪಿದ್ದರೆ ಖಂಡಿತ, ಅದೂ ರಿಯಾಯಿತಿ ಬಂದಾಗ, ಬರಿಯ ಮೂಲ ಆವೃತ್ತಿಯನ್ನು. ದುಬಾರಿ ಆವೃತ್ತಿಯ ಬಟ್ಟೆ, ಕ್ಲಬ್‌ಗಳು ಲೀಗಿಗೆ ಬೇಕಿಲ್ಲ. ಒಬ್ಬರೇ ಆಡುವವರಿಗೆ ಎರಡು ತಿಂಗಳಲ್ಲಿ ಸಾಕೆನಿಸುತ್ತದೆ. ಇದರ ಮುಂದಿನ ಆಟ 2ಕೆ25 ಬಂದದ್ದು 2025ರ ಫೆಬ್ರವರಿಯಲ್ಲಿ. ಅತ್ತ ಹೋಗುವುದಾದರೆ ಎಲ್ಲರೂ ಒಂದೇ ವಾರ ಹೋಗಿ, ಇಬ್ಬರು ಹಿಂದುಳಿದರೆ ಲೀಗ್ ಒಡೆಯುತ್ತದೆ. ಹೋಗುವ ಮುನ್ನ ನಿಮ್ಮ ಕೋರ್ಸಿನ ಹದಿನೆಂಟೂ ಹೋಲ್‌ಗಳ ಉದ್ದ, ತಿರುವು, ಬಂಕರ್ (ಮರಳು ಗುಂಡಿ), ಪಿನ್ ಜಾಗಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮೇಲಿನಿಂದ ಕಾಣುವ ಒಂದೊಂದು ಫೋಟೋವನ್ನೂ ಇಟ್ಟುಕೊಳ್ಳಿ.