ವಿಜಯಪುರದ ‘ಯುರೋಪ್‌ವಾದ’ ನೋಟ್ಸ್: ಕೊಳ್ಳಿ, ಆದರೆ ಪೆನ್ನು ಹಿಡಿದು ಓದಿ

ವಿಜಯಪುರದ ಕೋಚಿಂಗ್ ಸೆಂಟರ್‌ಗಳ ಆಸುಪಾಸಿನ ಝೆರಾಕ್ಸ್ ಅಂಗಡಿಯೊಂದರಲ್ಲಿ ಅಂತರರಾಷ್ಟ್ರೀಯ ಸಂಬಂಧಗಳ ಕನ್ನಡ ನೋಟ್ಸ್‌ನ ಯುರೋಪ್ ಭಾಗ ಬೇರೆ ಕಟ್ಟಾಗಿಯೇ ಸಿಗುತ್ತದೆ. ಎ4 ಅಳತೆ, ಎರಡೂ ಬದಿ ಮುದ್ರಣ, 88 ಪುಟ, ಸ್ಪೈರಲ್ ಬೈಂಡಿಂಗ್ ಸೇರಿ 120 ರೂಪಾಯಿ. ಕೆಎಎಸ್ ಮುಖ್ಯ ಪರೀಕ್ಷೆಗೂ ಕೆ-ಸೆಟ್ ರಾಜ್ಯಶಾಸ್ತ್ರಕ್ಕೂ ಇದು ಒದಗುತ್ತದೆ. ಇತಿಹಾಸದ ಪುಟಗಳು ಗಟ್ಟಿಯಾಗಿವೆ. ಮುಖಪುಟದ ಮೇಲಿರುವ ಪದ ‘ಯುರೋಪ್‌ವಾದ’ವನ್ನು ಬಿಡಿಸಿ ಹೇಳುವಲ್ಲಿಯೇ ಎಡವಿದೆ.

ಮೊದಲು ಗಟ್ಟಿಯಾದದ್ದು. 1941ರಲ್ಲಿ ಮುಸೊಲಿನಿಯ ಕೈದಿಗಳಾಗಿ ವೆಂಟೊಟೆನೆ ದ್ವೀಪದಲ್ಲಿದ್ದ ಸ್ಪಿನೆಲ್ಲಿ ಮತ್ತು ರೊಸ್ಸಿ ಬರೆದ ಸಂಯುಕ್ತ ಯುರೋಪಿನ ಪ್ರಣಾಳಿಕೆ, ಫ್ರಾನ್ಸ್‌ನ ವಿದೇಶಾಂಗ ಸಚಿವ ಶೂಮನ್ 1950ರ ಮೇ 9ರಂದು ಮಾಡಿದ ಘೋಷಣೆ, ಕಲ್ಲಿದ್ದಲು–ಉಕ್ಕು ಸಮುದಾಯ ಕಟ್ಟಿದ 1951ರ ಪ್ಯಾರಿಸ್ ಒಪ್ಪಂದ, ಆರ್ಥಿಕ ಸಮುದಾಯ ಕಟ್ಟಿದ 1957ರ ರೋಮ್ ಒಪ್ಪಂದ, ಐರೋಪ್ಯ ಒಕ್ಕೂಟವನ್ನು ಹುಟ್ಟುಹಾಕಿದ 1992ರ ಮಾಸ್ಟ್ರಿಕ್ಟ್ ಒಪ್ಪಂದ, ಎಲ್ಲವೂ ಸರಿಯಾದ ಕ್ರಮದಲ್ಲಿವೆ. ಮೊದಲಿಗೆ ಕಲ್ಲಿದ್ದಲು, ಉಕ್ಕನ್ನೇ ಯಾಕೆ ಹಿಡಿದುಕೊಂಡರು ಎಂಬುದಕ್ಕೆ ಒಂದು ಪೂರ್ತಿ ಪುಟವಿದೆ. ಫಿರಂಗಿಗೆ ಬೇಕಾದವು ಇವೆರಡೇ. ಇವನ್ನು ಒಂದು ಜಂಟಿ ಪ್ರಾಧಿಕಾರದ ಕೈಗೆ ಕೊಟ್ಟರೆ ಫ್ರಾನ್ಸ್ ಆಗಲಿ ಪಶ್ಚಿಮ ಜರ್ಮನಿಯಾಗಲಿ ಗುಟ್ಟಾಗಿ ಯುದ್ಧಕ್ಕೆ ಸಜ್ಜಾಗುವುದು ಕಷ್ಟ. ವರ್ಷ, ಹೆಸರುಗಳನ್ನು ಬಾಯಿಪಾಠ ಮಾಡಿಸಿ ಬಿಡದೆ ಕಾರಣ ಹೇಳುವ ನೋಟ್ಸ್ ಕಡಿಮೆ. ಈ ಒಂದು ಪುಟಕ್ಕಾಗಿಯೇ ಕೊಂಡರೂ ನಷ್ಟವಿಲ್ಲ.

ಇನ್ನು ಪದದ ವಿಚಾರ. 12ನೇ ಪುಟದಲ್ಲಿ ‘ಪರ-ಯುರೋಪಿಯನ್ ವಾದ’ ಎಂದಿದೆ. ಇಂಗ್ಲಿಷಿನ ‘ಪ್ರೊ-’ ಎಂಬ ಪೂರ್ವಪದವನ್ನು ಹಾಗೇ ಎತ್ತಿ ಮುಂದೆ ಕೂರಿಸಿದ್ದರಿಂದ ಆದ ಎಡವಟ್ಟು ಇದು. ಕನ್ನಡದಲ್ಲಿ ‘ಪರ’ ಮುಂದೆ ಬಂದರೆ ‘ಬೇರೆಯ’ ಎಂಬ ಅರ್ಥ: ಪರಭಾಷೆ, ಪರನಾಡು, ಪರಸ್ಥಳ. ಹಿಂದೆ ಬಂದರೆ ‘ಬೆಂಬಲಿಸುವ’ ಎಂಬ ಅರ್ಥ: ಕನ್ನಡಪರ, ರೈತಪರ, ಜನಪರ. ಹಾಗಾಗಿ ‘ಯುರೋಪ್‌ಪರ ನಿಲುವು’ ಎಂದೇ ಬರೆಯಬೇಕು. ಯಂತ್ರಾನುವಾದ ಮಾಡಿಸಿದ ಲೇಖನಗಳಲ್ಲೂ ಇದೇ ತಪ್ಪು ಸಿಗುತ್ತದೆ, ನೋಡುತ್ತ ನೋಡುತ್ತ ಕಣ್ಣಿಗೆ ರೂಢಿಯಾಗಿಬಿಡುತ್ತದೆ. ಉತ್ತರಪತ್ರಿಕೆಗೆ ಇಳಿಯುವ ಮೊದಲೇ ಹೊಡೆದು ಹಾಕಿ.

ಅದರ ಕೆಳಗಿನ ವ್ಯಾಖ್ಯೆ ಇನ್ನೂ ದೊಡ್ಡ ತೊಡಕು. ‘ಯುರೋಪನ್ನು ಒಂದೇ ರಾಷ್ಟ್ರ ಮಾಡಬೇಕೆನ್ನುವ ಸಿದ್ಧಾಂತ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಸ್ಪಿನೆಲ್ಲಿಯ ಸಂಯುಕ್ತ ಯುರೋಪಿನ ಕನಸು ಅದಕ್ಕೆ ಹತ್ತಿರವಾದೀತು, ಆದರೆ ಅದು ಯುರೋಪ್‌ಪರ ನಿಲುವಿನ ಒಂದು ಕವಲು ಮಾತ್ರ. ಐರೋಪ್ಯ ಒಕ್ಕೂಟದಲ್ಲಿ ತಮ್ಮ ದೇಶ ಇರಲಿ, ಒಟ್ಟಿಗೆ ಮಾಡಬಹುದಾದ ಕೆಲಸ ಹೆಚ್ಚಲಿ, ಆದರೆ ಸರ್ಕಾರ ನಮ್ಮದೇ ಇರಲಿ ಎನ್ನುವವರೂ ಯುರೋಪ್‌ಪರರೇ. ಯುರೋಪಿನ ದೇಶಗಳಿಗೆ ಸಮಾನ ಮೌಲ್ಯ, ಸಂಸ್ಕೃತಿ ಇದೆ ಎಂಬ ಭಾವನೆಗೆ ‘ಯುರೋಪ್‌ವಾದ’ ಎನ್ನುವುದೂ ಉಂಟು. ಅದನ್ನು ನಂಬುವವರೆಲ್ಲ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ಗೆ ಹೆಚ್ಚು ಅಧಿಕಾರ ಕೊಡಿ ಎನ್ನುವುದಿಲ್ಲ.

ದೇಶ ಬದಲಾದಂತೆ ಪದದ ಭಾರವೂ ಬದಲಾಗುತ್ತದೆ, ಕಟ್ಟಿನಲ್ಲಿ ಈ ಮಾತೇ ಇಲ್ಲ. 2016ರ ಜೂನ್ 23ರ ಬ್ರಿಟನ್ ಜನಮತದಲ್ಲಿ ಯುರೋಪ್‌ಪರ ಎಂದರೆ ‘ಒಳಗೇ ಉಳಿಯೋಣ’ ಎಂದ 48.1%. ಉಕ್ರೇನ್, ಮಾಲ್ಡೋವಾ, ಜಾರ್ಜಿಯಾಗಳಲ್ಲಿ ಅದೇ ಪದಕ್ಕೆ ರಷ್ಯಾದ ಹಿಡಿತದಿಂದ ದೂರ ಸರಿಯುವುದು ಎಂಬ ಅರ್ಥವೂ ಅಂಟಿಕೊಂಡಿದೆ. 2013ರ ನವೆಂಬರ್‌ನಲ್ಲಿ ಉಕ್ರೇನ್ ಅಧ್ಯಕ್ಷ ಯಾನುಕೊವಿಚ್ ಸರ್ಕಾರ ಒಕ್ಕೂಟದೊಂದಿಗಿನ ಒಪ್ಪಂದವನ್ನು ತಡೆಹಿಡಿದಾಗ ಕೀವ್‌ನಲ್ಲಿ ಜನ ಸೇರಿದ್ದು ‘ಯುರೋಮೈದಾನ್’. ಆ ಮೈದಾನಕ್ಕೂ ನಮ್ಮ ಮೈದಾನಕ್ಕೂ ಮೂಲ ಪದ ಒಂದೇ. ಈ ಹೆಸರು ಒಂದು ಸಲ ನೆನಪಿನಲ್ಲಿ ಕೂತರೆ ಪೂರ್ವ ಯುರೋಪಿನ ಅರ್ಥ ಮರೆಯುವುದಿಲ್ಲ.

‘ಒಕ್ಕೂಟ’ ಮತ್ತು ‘ಏಕೀಕರಣ’ ಎಂಬ ಎರಡು ಪದಗಳ ಬಗ್ಗೆಯೂ ಎಚ್ಚರಿಕೆ ಬೇಕಿತ್ತು. ನಮ್ಮ ಪಠ್ಯಗಳಲ್ಲಿ ‘ಒಕ್ಕೂಟ ವ್ಯವಸ್ಥೆ’ ಎಂದರೆ ಕೇಂದ್ರ, ರಾಜ್ಯಗಳ ಸಂಯುಕ್ತ ವ್ಯವಸ್ಥೆ. ಅದೇ ನೆರಳಿನಲ್ಲಿ ಓದಿದರೆ ಐರೋಪ್ಯ ಒಕ್ಕೂಟವೂ ಭಾರತದಂಥ ಒಂದು ರಾಷ್ಟ್ರವೆನಿಸುತ್ತದೆ. ಅದಕ್ಕಿಂತ ವಿಜಯಪುರ–ಬಾಗಲಕೋಟೆ ಹಾಲು ಒಕ್ಕೂಟವನ್ನು ನೆನೆದರೆ ಹತ್ತಿರ: ಊರೂರಿನ ಸಂಘಗಳು ತಮ್ಮ ಅಸ್ತಿತ್ವ ಉಳಿಸಿಕೊಂಡೇ ಕೆಲವು ಕೆಲಸವನ್ನು ಮೇಲಕ್ಕೆ ಒಪ್ಪಿಸಿರುತ್ತವೆ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ಒಕ್ಕೂಟದ ಕಾನೂನಿಗೆ ಸದಸ್ಯ ದೇಶಗಳು ಬದ್ಧ. ಆದರೂ ದಾರಿ ತಪ್ಪಿಸುವುದಿಲ್ಲ. ಏಕೀಕರಣದ ಕಥೆ ಬೆಳಗಾವಿಯ ಓದುಗರಿಗೆ ಬೇರೆ ಹೇಳಬೇಕಿಲ್ಲ. ಗಡಿ ವಿವಾದದ ಎರಡೂ ಕಡೆಯವರ ಬಾಯಲ್ಲಿ ಅದು ಗಡಿಯ ಮಾತು, ಯಾವ ನೆಲ ಯಾವ ರಾಜ್ಯಕ್ಕೆ ಎಂಬ ಮಾತು. ಐರೋಪ್ಯ ಏಕೀಕರಣದಲ್ಲಿ ದೇಶಗಳ ಗಡಿರೇಖೆ ಒಂದಿಂಚೂ ಸರಿಯುವುದಿಲ್ಲ, ಅಧಿಕಾರವಷ್ಟೇ ಹಂಚಿಕೆಯಾಗುತ್ತದೆ. ಪದ ಬದಲಿಸಬೇಕಿಲ್ಲ, ಮೊದಲ ಸಲ ಬಳಸುವಾಗ ಈ ಅರ್ಧ ಸಾಲು ಸೇರಿಸಿದರೆ ಸಾಕು.

37ನೇ ಪುಟದಲ್ಲಿ ಮೂರು ‘ಕೌನ್ಸಿಲ್’ಗಳು ಒಂದಕ್ಕೊಂದು ಕಲಸಿವೆ. ಅಂಚಿನಲ್ಲಿ ಹೀಗೆ ಬರೆದುಕೊಳ್ಳಿ: ಯುರೋಪಿಯನ್ ಕೌನ್ಸಿಲ್‌ನಲ್ಲಿ ದೇಶಗಳ ಮುಖ್ಯಸ್ಥರು, ಐರೋಪ್ಯ ಒಕ್ಕೂಟದ ಕೌನ್ಸಿಲ್‌ನಲ್ಲಿ ಸಚಿವರು, ಕೌನ್ಸಿಲ್ ಆಫ್ ಯುರೋಪ್ ಒಕ್ಕೂಟದ ಅಂಗವೇ ಅಲ್ಲ, 1949ರಲ್ಲಿ ಹುಟ್ಟಿ ಸ್ಟ್ರಾಸ್‌ಬರ್ಗ್‌ನಲ್ಲಿರುವ ಬೇರೆ ಸಂಸ್ಥೆ. ಮಾನವ ಹಕ್ಕುಗಳ ನ್ಯಾಯಾಲಯ ಈ ಮೂರನೆಯದಕ್ಕೆ ಸೇರಿದ್ದು, ಒಕ್ಕೂಟದ ನ್ಯಾಯಾಲಯ ಲಕ್ಸೆಂಬರ್ಗ್‌ನಲ್ಲಿದೆ.

ಮುದ್ರಣ ಸಾಧಾರಣ. ಸಾಲುಗಳ ನಡುವೆ ಜಾಗ ಕಡಿಮೆಯಾಗಿ ‘ಮಾಸ್ಟ್ರಿಕ್ಟ್’ನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದೆ. ನಿಜವಾದ ಹಾನಿ 44ನೇ ಪುಟದ ನಕ್ಷೆಯದು. ಒಕ್ಕೂಟ, ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಷೆಂಗೆನ್ ವಲಯ, ಯೂರೋ ನಾಣ್ಯ ಬಳಸುವ ಯೂರೋ ವಲಯ ಮೂರೂ ಮೂಲದಲ್ಲಿ ಬಣ್ಣದಲ್ಲಿದ್ದವು, ಝೆರಾಕ್ಸ್‌ನಲ್ಲಿ ಒಂದೇ ಬೂದಿ ಬಣ್ಣಕ್ಕೆ ತಿರುಗಿವೆ. ಮೂರು ಸ್ಕೆಚ್ ಪೆನ್ ತೆಗೆದುಕೊಂಡು ಮೊದಲು ಒಕ್ಕೂಟದ 27 ದೇಶಗಳ ಅಂಚು ತಿದ್ದಿ. ನಂತರ ಷೆಂಗೆನ್: ನಾರ್ವೆ, ಸ್ವಿಟ್ಜರ್‌ಲೆಂಡ್, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ಒಕ್ಕೂಟದ ಹೊರಗಿದ್ದೂ ಇದರೊಳಗೆ, ಐರ್ಲೆಂಡ್ ಒಕ್ಕೂಟದಲ್ಲಿದ್ದೂ ಇದರ ಹೊರಗೆ. ಕೊನೆಗೆ ಯೂರೋ ವಲಯ. ಸ್ವೀಡನ್, ಡೆನ್ಮಾರ್ಕ್, ಪೋಲೆಂಡ್ ಅದರಲ್ಲಿಲ್ಲ.

ದುಡ್ಡು ಕೊಡುವ ಮೊದಲು 61ನೇ ಪುಟ ತೆರೆದು ನೋಡಿ. ಅಂಗಡಿಯ ರಾಶಿಯಲ್ಲಿ ಹಳೆಯ ಪ್ರತಿಗಳೂ ಬೆರೆತಿವೆ. ಅವುಗಳ ಪಟ್ಟಿಯಲ್ಲಿ ಬ್ರಿಟನ್ ಸೇರಿ 28 ದೇಶಗಳಿವೆ. ಬ್ರಿಟನ್ 2020ರ ಜನವರಿ 31ಕ್ಕೆ ಹೊರಬಿದ್ದಿದೆ. 28 ಕಂಡರೆ ಅದನ್ನು ಅಲ್ಲೇ ಇಟ್ಟು ಹೊಸ ಪ್ರತಿ ಕೇಳಿ, ದರ ಎರಡಕ್ಕೂ ಒಂದೇ.